ನಡಿಗೆಯ ಕ್ರಿಯಾಪದಗಳು ಮತ್ತು ನನ್ನ ಕೆಂಪು ಶಾಯಿ

ಶಿವಮೊಗ್ಗದಿಂದ ಭದ್ರಾವತಿಗೆ ದಿನವೂ ಬಸ್ಸಿನಲ್ಲಿ ಹೋಗಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಇಂಗ್ಲಿಷ್ ಪ್ರಬಂಧದಲ್ಲಿ ‘ವಾಕ್’ ಎಂಬ ಕ್ರಿಯಾಪದ ಕಂಡೊಡನೆ ಕೆಂಪು ಶಾಯಿಯಿಂದ ಹೊಡೆದುಹಾಕುವುದು ನನ್ನ ಅಭ್ಯಾಸವಾಗಿತ್ತು. ವಿರಾಮವಾಗಿ ಅಡ್ಡಾಡಿದರೆ ‘ಸ್ಟ್ರೋಲ್’, ದಾಪುಗಾಲು ಹಾಕಿದರೆ ‘ಸ್ಟ್ರೈಡ್’, ದಣಿದು ಕಾಲೆಳೆದರೆ ‘ಟ್ರಡ್ಜ್’, ಕುಂಟಿದರೆ ‘ಲಿಂಪ್’ ಎಂದು ಬರೆಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಈ ಪದಗಳಿಗೂ ಚರಿತ್ರೆಯುಂಟು. ‘ವಾಕ್’ ಪದದ ಮೂಲರೂಪಕ್ಕೆ ಹಳೆಯ ಇಂಗ್ಲಿಷಿನಲ್ಲಿ ಉರುಳು, ಹೊರಳು ಎಂಬ ಅರ್ಥವಿತ್ತು. ‘ನಡೆ’ ಎಂಬ ಅರ್ಥ ಕೂಡಿದ್ದು ಆಮೇಲೆ. ಸೈನಿಕರ ‘ಮಾರ್ಚ್’ ಫ್ರೆಂಚಿನಿಂದ ಬಂದದ್ದು. ಹೀಗೆ ನಾನಾ ಕಡೆಯಿಂದ ಪದಗಳನ್ನು ಕೂಡಿಸಿಕೊಂಡ ಇಂಗ್ಲಿಷ್, ನಡೆಯುವ ರೀತಿಯನ್ನು ಕ್ರಿಯಾಪದದೊಳಗೇ ಇಡುತ್ತದೆ. ಕನ್ನಡದಲ್ಲಿಯೂ ಕುಂಟು, ತೆವಳು, ಕುಪ್ಪಳಿಸು ಮುಂತಾದವು ಇವೆಯಾದರೂ, ನಾವು ಬಹುಮಟ್ಟಿಗೆ ‘ನಡೆ’ಯನ್ನು ಹಾಗೆಯೇ ಉಳಿಸಿಕೊಂಡು ಬಿರಬಿರನೆ, ಸರಸರನೆ, ಮೆಲ್ಲಮೆಲ್ಲನೆ ಎಂದು ಮುಂದೆ ಸೇರಿಸುತ್ತೇವೆ. ಮಕ್ಕಳು ಮತ್ತೆ ಮತ್ತೆ ‘ವಾಕ್’ ಬರೆಯುತ್ತಿದ್ದುದು ಪದದಾರಿದ್ರ್ಯದಿಂದಲ್ಲ, ತಾಯ್ನುಡಿಯ ಜಾಡಿನಿಂದ ಎಂಬುದು ನನಗೆ ಹೊಳೆದದ್ದು ತಡವಾಗಿ.

ಹಿಂದೆ ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಭದ್ರಾವತಿಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಸರ್ಕಾರ ಕಟ್ಟಿದ ಕಾರ್ಖಾನೆಯಿಂದ 1923ರಲ್ಲಿ ಕಬ್ಬಿಣ ಹೊರಬರತೊಡಗಿತು. ಊರು ಪಾಳಿಯ ಲೆಕ್ಕದಲ್ಲಿ ನಡೆಯುವುದನ್ನು ಕಲಿಯಿತು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಕಾರ್ಮಿಕರ ಮಕ್ಕಳು.

ಒಂಬತ್ತನೆಯ ತರಗತಿಯ ಹುಡುಗನೊಬ್ಬ, ರಾತ್ರಿ ಪಾಳಿ ಮುಗಿಸಿ ತಂದೆ ಮನೆಗೆ ನಡೆದು ಬಂದರೆಂದು ಬರೆದಿದ್ದ. ನಾನು ‘ವಾಕ್’ ಅನ್ನು ಹೊಡೆದು ‘ಟ್ರಡ್ಜ್’ ಎಂದು ತಿದ್ದಿದೆ. ರಾತ್ರಿಯಿಡೀ ದುಡಿದವರು ಮತ್ತೆ ಹೇಗೆ ಬಂದಾರು? ಮರುದಿನ ಅವನು ಪುಸ್ತಕ ಹಿಡಿದು ಮೇಜಿನ ಬಳಿ ನಿಂತ.

“ಸಾರ್, ನಮ್ಮಪ್ಪ ಕಾಲೆಳ್ಕೊಂಡು ಬರಲ್ಲ. ನಾನು ಸ್ಕೂಲಿಗೆ ಹೊರಡೋದ್ರೊಳಗೆ ನನ್ನ ನೋಡ್ಬೇಕು ಅಂತ ಬಿರಬಿರನೆ ಬರ್ತಾರೆ.”

ನಾನು ಆ ತಂದೆಯನ್ನು ಒಮ್ಮೆಯೂ ನೋಡಿರಲಿಲ್ಲ. ಹುಡುಗ ದಿನವೂ ಬಾಗಿಲಲ್ಲಿ ನಿಂತು ನೋಡಿದ್ದ. ನನ್ನದೇ ಕೆಂಪು ಪದವನ್ನು ಹೊಡೆದು, ಅವಸರದಿಂದ ಬಂದರೆಂಬ ಅರ್ಥದ ‘ಹರ್ರೀಡ್’ ಎಂದು ಅವನ ಕೈಯಿಂದಲೇ ಬರೆಸಿದೆ. ಅಂದಿನಿಂದ ಪದ ಕೊಡುವ ಮುನ್ನ “ಅವರು ಹೇಗೆ ನಡೆದರು?” ಎಂದು ಕೇಳತೊಡಗಿದೆ.

ಈಗ ಮೊಣಕಾಲು ನೋವಿನ ನಾನು ಸಂಜೆ ತುಂಗೆಯ ದಂಡೆಯ ಕಡೆ ಹೋಗುವುದನ್ನು ಕಂಡರೆ ಯಾವ ಕ್ರಿಯಾಪದ ಬರೆಯುವಿರೋ, ನಿಮಗೆ ಬಿಟ್ಟದ್ದು. ಬರೆಯುವ ಮುನ್ನ ಒಂದಿಷ್ಟು ದೂರ ಜೊತೆಗೆ ಬನ್ನಿ.