ಎಂಬಿಎ ಸೇರಲು ನಿಜಕ್ಕೂ ಏನೇನು ಬೇಕು? ಅರ್ಹತೆ ಬೇರೆ, ಆಯ್ಕೆ ಬೇರೆ

“ಎಂಬಿಎ ಮಾಡಬೇಕಾದರೆ ಬಿಕಾಂ ಅಥವಾ ಬಿಬಿಎ ಆಗಿರಬೇಕು.” “ಪಿಯುಸಿಯಲ್ಲಿ ಗಣಿತ ತೆಗೆದುಕೊಳ್ಳದಿದ್ದರೆ ಆಗಲ್ಲವಂತೆ.” “ಕನ್ನಡ ಮಾಧ್ಯಮದವರಿಗೆ ಅದು ದಕ್ಕುವುದಲ್ಲ.” “ಮೊದಲು ಎರಡು ವರ್ಷ ಕೆಲಸ ಮಾಡಿರಬೇಕಂತೆ.” ಪದವಿಯ ಕೊನೆಯ ವರ್ಷದಲ್ಲಿರುವವರ ಕಿವಿಗೆ ಇಂತಹ ಮಾತುಗಳು ದಿನವೂ ಬೀಳುತ್ತಿರುತ್ತವೆ. ಇವೆಲ್ಲ ಬೇಕೆಂದೇ ಹೇಳಿದ ಸುಳ್ಳುಗಳಲ್ಲ. ಎರಡು ಬೇರೆ ಬೇರೆ ಸಂಗತಿಗಳು ಒಂದರಲ್ಲೊಂದು ಕಲಸಿಹೋದಾಗ ಹುಟ್ಟುವ ಮಾತುಗಳು.

ಮೊದಲನೆಯದು ಅರ್ಹತೆ: ಅರ್ಜಿ ಹಾಕಲು ನಿಮ್ಮ ಬಳಿ ಇರಲೇಬೇಕಾದದ್ದು. ಎರಡನೆಯದು ಆಯ್ಕೆ: ಅರ್ಹರಾದವರೆಲ್ಲರಲ್ಲಿ ಸೀಟು ಯಾರಿಗೆ ಎಂದು ತೀರ್ಮಾನಿಸುವ ಲೆಕ್ಕ. ಅರ್ಹತೆಯ ಮಟ್ಟ ಜನ ಅಂದುಕೊಂಡಿರುವುದಕ್ಕಿಂತ ಬಹಳ ಕೆಳಗಿದೆ. ಆಯ್ಕೆಯ ಲೆಕ್ಕ ಅಂದುಕೊಂಡಿರುವುದಕ್ಕಿಂತ ಜಟಿಲವಾಗಿದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರಿದ್ದಾರೆ. ‘ನಿಮಗೆ ಅರ್ಹತೆ ಇಲ್ಲ, ಆದರೂ ಸೀಟು ಕೊಡಿಸುತ್ತೇವೆ’ ಎಂದವರ ಕೈಗೆ ಲಕ್ಷಗಟ್ಟಲೆ ಹಣ ಕೊಟ್ಟವರೂ ಇದ್ದಾರೆ.

ಅರ್ಹತೆ ಇಷ್ಟೇ

ಮಾನ್ಯತೆ ಪಡೆದ ವಿಶ್ವವಿದ್ಯಾಲಯದಿಂದ ಕನಿಷ್ಠ 3 ವರ್ಷದ ಪದವಿ, ಯಾವುದೇ ವಿಷಯದಲ್ಲಿ. ಅದರಲ್ಲಿ ಕನಿಷ್ಠ ಶೇ 50 ಅಂಕ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಶೇ 45. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ನಿಯಮ, ಐಐಎಂಗಳು ನಡೆಸುವ ಕ್ಯಾಟ್ ಪರೀಕ್ಷೆಯ ನಿಯಮ, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪಿಜಿಸಿಇಟಿ ನಿಯಮ, ಮೂರರ ತಿರುಳೂ ಇದೇ. ಬಿಎ ಕನ್ನಡ ಐಚ್ಛಿಕ ಓದಿದವರು, ಬಿಎಸ್ಸಿ ಕೃಷಿಯವರು, ನರ್ಸಿಂಗ್ ಪದವೀಧರರು ಎಲ್ಲರೂ ಇದರೊಳಗೆ ಬರುತ್ತಾರೆ. ಕ್ಯಾಟ್‌ನಲ್ಲಿ ಪದವಿಯ ಬದಲಿಗೆ ಸಿಎ, ಸಿಎಸ್‌ನಂತಹ ವೃತ್ತಿಪರ ಪರೀಕ್ಷೆಗಳನ್ನೂ ಒಪ್ಪುತ್ತಾರೆ, ಅಲ್ಲಿಯೂ ಅಂಕದ ಮಿತಿ ಇದೆ. ಕ್ಯಾಟ್ ಬರೆಯಲು ವಯಸ್ಸಿನ ಮಿತಿಯಿಲ್ಲ. ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಬರೆಯಬಹುದು. ಫಲಿತಾಂಶ ಬಂದ ಮೇಲೆ ಅಂಕಪಟ್ಟಿಯನ್ನು ನಿಗದಿತ ದಿನದೊಳಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಪ್ರವೇಶ ತಾತ್ಕಾಲಿಕ.

ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಗೊಂದಲದಲ್ಲಿ ‘ಮೂರೇ ವರ್ಷ ಓದಿದವರಿಗೆ ಎಂಬಿಎ ಸಿಗುತ್ತದೆಯೇ’ ಎಂಬ ಪ್ರಶ್ನೆ ಹುಟ್ಟಿಕೊಂಡಿದೆ. ಸಿಗುತ್ತದೆ. ನಿಯಮ ಕೇಳುವುದು 3 ವರ್ಷದ ಪದವಿಯನ್ನೇ.

ಶೇ 50ರಲ್ಲಿ ಅಡಗಿರುವ ತೊಡಕು

ನೋಡಲು ಸರಳವಾದ ಈ ಸಂಖ್ಯೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಇಂದು ಬಹುತೇಕ ಅಂಕಪಟ್ಟಿಗಳಲ್ಲಿ ಶೇಕಡಾವಾರು ಇರುವುದಿಲ್ಲ, ಸಿಜಿಪಿಎ ಇರುತ್ತದೆ. ಅದನ್ನು 10ರಿಂದ ಗುಣಿಸಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಕ್ಯಾಟ್ ನಿಯಮ ಹೇಳುವುದು ಹಾಗಲ್ಲ: ನಿಮ್ಮ ವಿಶ್ವವಿದ್ಯಾಲಯ ಅಧಿಕೃತವಾಗಿ ಕೊಟ್ಟಿರುವ ಸೂತ್ರವನ್ನೇ ಬಳಸಬೇಕು. ಅಂತಹ ಸೂತ್ರ ಇಲ್ಲವೆಂದು ವಿಶ್ವವಿದ್ಯಾಲಯವೇ ತಿಳಿಸಿದರೆ ಮಾತ್ರ ಪಡೆದ ಸಿಜಿಪಿಎಯನ್ನು ಗರಿಷ್ಠ ಸಿಜಿಪಿಎಯಿಂದ ಭಾಗಿಸಿ 100ರಿಂದ ಗುಣಿಸುವುದು.

ವ್ಯತ್ಯಾಸ ಎಷ್ಟಾದೀತು ಎಂದರೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ತನ್ನ ಹಿಂದಿನ ಕೆಲವು ಸ್ಕೀಮ್‌ಗಳಲ್ಲಿ ಸಿಜಿಪಿಎಯಿಂದ 0.75 ಕಳೆದು ಆಮೇಲೆ 10ರಿಂದ ಗುಣಿಸುವ ಸೂತ್ರ ಇಟ್ಟುಕೊಂಡಿತ್ತು. 5.6 ಸಿಜಿಪಿಎ ಇರುವ ವಿದ್ಯಾರ್ಥಿ ತನ್ನದು ಶೇ 56 ಎಂದು ನಿಶ್ಚಿಂತೆಯಿಂದ ಇರುತ್ತಾನೆ. ಆ ಸೂತ್ರದ ಪ್ರಕಾರ ಅವನದು ಶೇ 48.5. ಅಂದರೆ ಸಾಮಾನ್ಯ ವರ್ಗದಲ್ಲಿ ಅನರ್ಹ. ಪರೀಕ್ಷೆ ಬರೆದು, ಒಳ್ಳೆಯ ಅಂಕ ಬಂದು, ದಾಖಲೆ ಪರಿಶೀಲನೆಯ ದಿನ ಇದು ಬೆಳಕಿಗೆ ಬಂದರೆ ಮಾಡುವುದೇನೂ ಉಳಿದಿರುವುದಿಲ್ಲ. ಅರ್ಜಿ ತುಂಬುವ ಮೊದಲೇ ನಿಮ್ಮ ಅಂಕಪಟ್ಟಿಯ ಹಿಂಬದಿ ಓದಿ. ಸೂತ್ರ ಬಹಳ ಸಲ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ಪರೀಕ್ಷಾಂಗ ವಿಭಾಗದಿಂದ ಪತ್ರ ಪಡೆದುಕೊಳ್ಳಿ.

ಎರಡನೆಯ ತೊಡಕು ಶೇ 45ರ ರಿಯಾಯಿತಿಯದು. ಪಿಜಿಸಿಇಟಿಯಲ್ಲಿ ಈ ರಿಯಾಯಿತಿ ಪರಿಶಿಷ್ಟ ಜಾತಿ, ಪಂಗಡದ ಜೊತೆಗೆ ರಾಜ್ಯದ ಪ್ರವರ್ಗ-1ಕ್ಕೂ ಇದೆ. ಕ್ಯಾಟ್‌ನಲ್ಲಿ ಇರುವುದು ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಮಾತ್ರ. ಹಿಂದುಳಿದ ವರ್ಗದವರು ಅಲ್ಲಿ ಶೇ 50 ದಾಟಿರಲೇಬೇಕು. ಹೀಗಾಗಿ ಶೇ 47 ಪಡೆದ ಪ್ರವರ್ಗ-1ರ ಅಭ್ಯರ್ಥಿ ಪಿಜಿಸಿಇಟಿಗೆ ಅರ್ಹ, ಕ್ಯಾಟ್‌ಗೆ ಅನರ್ಹ. ಒಂದೇ ಅಂಕಪಟ್ಟಿ, ಒಂದೇ ಕೋರ್ಸು, ಎರಡು ಉತ್ತರ.

ಗಣಿತ ಮತ್ತು ಇಂಗ್ಲಿಷ್

ಪಿಯುಸಿಯಲ್ಲಿ ಗಣಿತ ಓದಿರಬೇಕೆಂಬ ನಿಯಮ ಎಂಬಿಎಗೆ ಇಲ್ಲ. ಈ ನಂಬಿಕೆ ಬಹುಶಃ ಎಂಸಿಎಯಿಂದ ಬಂದದ್ದು. ಪಿಜಿಸಿಇಟಿಯಲ್ಲಿ ಎಂಬಿಎ, ಎಂಸಿಎ ಎರಡಕ್ಕೂ ಒಟ್ಟಿಗೇ ಪ್ರಕಟಣೆ ಬರುತ್ತದೆ, ಗಣಿತದ ಷರತ್ತು ಇರುತ್ತಿದ್ದದ್ದು ಎಂಸಿಎಗೆ. ಆದರೆ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಇದ್ದೇ ಇರುತ್ತದೆ. ಶೇಕಡಾವಾರು, ಲಾಭ-ನಷ್ಟ, ಕಾಲ ಮತ್ತು ಕೆಲಸ, ಸರಳ ಬೀಜಗಣಿತ, ರೇಖಾಗಣಿತ: ಹೆಚ್ಚಿನದು ಪ್ರೌಢಶಾಲೆಯಲ್ಲಿ ಕಲಿತದ್ದೇ. ಕಷ್ಟ ಇರುವುದು ವಿಷಯದಲ್ಲಲ್ಲ, ಸಮಯದಲ್ಲಿ. ಕ್ಯಾಟ್‌ನಲ್ಲಿ ಇಂಗ್ಲಿಷ್ ಓದು-ಗ್ರಹಿಕೆ, ದತ್ತಾಂಶ ಮತ್ತು ತರ್ಕ, ಗಣಿತ ಎಂಬ ಮೂರು ಭಾಗಗಳಿಗೆ ತಲಾ 40 ನಿಮಿಷ. ಒಂದು ಭಾಗದಲ್ಲಿ ಉಳಿಸಿದ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಸರಿ ಉತ್ತರಕ್ಕೆ 3 ಅಂಕ, ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಡಿತ.

ಕನ್ನಡ ಮಾಧ್ಯಮದ ವಿಷಯದಲ್ಲಿ ನಾವು ಸುಮ್ಮನೆ ಸಮಾಧಾನದ ಮಾತು ಹೇಳುವುದಿಲ್ಲ. ಓದಿದ ಮಾಧ್ಯಮದ ಬಗ್ಗೆ ಎಲ್ಲಿಯೂ ಷರತ್ತಿಲ್ಲ. ಆದರೆ ಕ್ಯಾಟ್‌ನ ಮೂರನೇ ಒಂದು ಭಾಗ ಇಂಗ್ಲಿಷ್ ಗದ್ಯವನ್ನು ವೇಗವಾಗಿ ಓದಿ ಅರ್ಥಮಾಡಿಕೊಳ್ಳುವುದರ ಮೇಲೆಯೇ ನಿಂತಿದೆ. ಪಿಜಿಸಿಇಟಿಯಲ್ಲೂ ಇಂಗ್ಲಿಷ್ ಭಾಗ ಇದೆ. ಇದನ್ನು ಆರು ತಿಂಗಳಲ್ಲಿ ವ್ಯಾಕರಣದ ಪುಸ್ತಕ ಉರುಹೊಡೆದು ದಾಟುವುದು ಕಷ್ಟ. ದಿನಕ್ಕೆ ಒಂದು ಗಂಟೆ ಒಳ್ಳೆಯ ಇಂಗ್ಲಿಷ್ ಲೇಖನಗಳನ್ನು ಓದುವ ರೂಢಿಯನ್ನು ಪದವಿಯ ಎರಡನೇ ವರ್ಷದಲ್ಲೇ ಶುರುಮಾಡಿದವರಿಗೆ ದಾರಿ ಸಲೀಸು. ಇದರ ಇನ್ನೊಂದು ಮಗ್ಗುಲು ಹಲವರಿಗೆ ಗೊತ್ತಿಲ್ಲ: ಕೆಇಎ ಸೀಟು ಹಂಚಿಕೆಯಲ್ಲಿ 1ರಿಂದ 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮತ್ತು ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಮೀಸಲು ಸೀಟುಗಳಿವೆ. ಅರ್ಜಿಯಲ್ಲಿ ಅದನ್ನು ನಮೂದಿಸಿ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಿರಬೇಕು.

ಶೇಕಡಾ ಅಲ್ಲ, ಪರ್ಸೆಂಟೈಲ್

“ಕ್ಯಾಟ್‌ನಲ್ಲಿ 99 ಬರಬೇಕಂತೆ, ನನಗೆ ಪದವಿಯಲ್ಲೇ 60 ಬಂದಿಲ್ಲ” ಎನ್ನುವವರು ಶೇಕಡಾ ಮತ್ತು ಪರ್ಸೆಂಟೈಲನ್ನು ಒಂದೇ ಎಂದು ತಿಳಿದಿರುತ್ತಾರೆ. ಶೇಕಡಾ ಎಂದರೆ ನೂರಕ್ಕೆ ನೀವು ಪಡೆದ ಅಂಕ. ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದ ನೂರು ಜನರಲ್ಲಿ ನಿಮಗಿಂತ ಹಿಂದೆ ಎಷ್ಟು ಜನರಿದ್ದಾರೆ ಎಂಬ ಲೆಕ್ಕ. ಓಟದ ಪಂದ್ಯದಲ್ಲಿ ಎಷ್ಟು ವೇಗವಾಗಿ ಓಡಿದಿರಿ ಎನ್ನುವುದಕ್ಕೂ ಎಷ್ಟನೆಯವರಾಗಿ ಬಂದಿರಿ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು.

2024ರ ಕ್ಯಾಟ್‌ನಲ್ಲಿ 68 ಪ್ರಶ್ನೆ, ಒಟ್ಟು 204 ಅಂಕ. ಬರೆದವರು ಸುಮಾರು 2.93 ಲಕ್ಷ. 99 ಪರ್ಸೆಂಟೈಲ್ ಎಂದರೆ ಅವರಲ್ಲಿ ಮೊದಲ 2,900 ಚಿಲ್ಲರೆ ಜನರೊಳಗೆ ಇರುವುದು. ಇದಕ್ಕೆ ಒಟ್ಟು ಅಂಕದ ಅರ್ಧದಷ್ಟೂ ಬೇಕಾಗಿರಲಿಲ್ಲ. ಪ್ರಶ್ನೆಪತ್ರಿಕೆ ಕಷ್ಟವಿದ್ದಾಗ ಎಲ್ಲರ ಅಂಕವೂ ಇಳಿಯುತ್ತದೆ, ಸಾಲಿನಲ್ಲಿ ನಿಮ್ಮ ಜಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೇರೆ ಬೇರೆ ಪತ್ರಿಕೆ ಇರುವುದರಿಂದ ಅಂಕಗಳನ್ನು ಮೊದಲು ಸಮೀಕರಿಸಿ ಆಮೇಲೆ ಪರ್ಸೆಂಟೈಲ್ ಲೆಕ್ಕ ಹಾಕುತ್ತಾರೆ. ‘ನನಗೆ ಸಂಜೆಯ ಕಷ್ಟದ ಪತ್ರಿಕೆ ಬಂತು, ಮೋಸವಾಯಿತು’ ಎಂಬ ದೂರಿಗೆ ಉತ್ತರ ಈ ಸಮೀಕರಣದಲ್ಲಿದೆ.

ಹಾಗಿದ್ದರೆ ಎಸ್ಸೆಸ್ಸೆಲ್ಸಿ ಅಂಕ ಏಕೆ ಕೇಳುತ್ತಾರೆ?

ಇಲ್ಲಿಂದ ಮುಂದೆ ಆಯ್ಕೆಯ ಮಾತು. ಐಐಎಂಗಳು ಕ್ಯಾಟ್ ಅಂಕವೊಂದನ್ನೇ ನೋಡಿ ಸೀಟು ಕೊಡುವುದಿಲ್ಲ. ಐಐಎಂ ಅಹಮದಾಬಾದ್ ಇತ್ತೀಚಿನ ವರ್ಷಗಳಲ್ಲಿ ಸಂದರ್ಶನಕ್ಕೆ ಕರೆಯುವಾಗ ಕ್ಯಾಟ್‌ಗೆ ಶೇ 65, ಹತ್ತನೇ ತರಗತಿ, ಪಿಯುಸಿ, ಪದವಿ, ಕೆಲಸದ ಅನುಭವ ಮುಂತಾದವುಗಳಿಂದ ಆದ ‘ಅರ್ಜಿ ಮೌಲ್ಯಾಂಕ’ಕ್ಕೆ ಶೇ 35 ತೂಕ ಕೊಡುತ್ತಾ ಬಂದಿದೆ. ಕೊನೆಯ ಆಯ್ಕೆಯಲ್ಲಿ ಅರ್ಧ ತೂಕ ಸಂದರ್ಶನದ್ದೇ, ಕ್ಯಾಟ್‌ನದು ಕಾಲುಭಾಗ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ಶಾಲಾ ದಿನಗಳ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಒಟ್ಟು ಪರ್ಸೆಂಟೈಲ್ ಚೆನ್ನಾಗಿದ್ದೂ ಒಂದು ಭಾಗದಲ್ಲಿ ನಿಗದಿತ ಮಟ್ಟ ಮುಟ್ಟದೆ ಹೊರಗುಳಿಯುವವರೂ ಇದ್ದಾರೆ. ಈ ಸೂತ್ರಗಳನ್ನು ಪ್ರತಿ ಐಐಎಂ ತನ್ನ ಜಾಲತಾಣದಲ್ಲಿ ಪ್ರತಿ ವರ್ಷ ಪ್ರಕಟಿಸುತ್ತದೆ. ಕೋಚಿಂಗ್ ಸೆಂಟರಿನ ಕರಪತ್ರ ನಂಬುವ ಬದಲು ಅದನ್ನೇ ಓದುವುದು ಮೇಲು.

ಹದಿನೈದನೇ ವಯಸ್ಸಿನಲ್ಲಿ ಬರೆದ ಪರೀಕ್ಷೆ ಇಪ್ಪತ್ತೆರಡರಲ್ಲಿ ಬೆನ್ನುಹತ್ತುವುದು ನ್ಯಾಯವೇ ಎಂಬ ಪ್ರಶ್ನೆ ನಮಗೂ ಇದೆ. ಶಾಲೆಯಲ್ಲಿ ಸೌಲಭ್ಯವಿಲ್ಲದೆ ಕಡಿಮೆ ಅಂಕ ಪಡೆದವರಿಗೆ ಇದು ಖಂಡಿತ ಹೊರೆ. ಆದರೆ ಅದು ತೂಕ ಕಡಿಮೆ ಮಾಡುವ ಸಂಗತಿ, ಬಾಗಿಲು ಮುಚ್ಚುವ ಸಂಗತಿಯಲ್ಲ. ಪಿಜಿಸಿಇಟಿಯ ದಾರಿಯಲ್ಲಿ ಸಂದರ್ಶನವೂ ಇಲ್ಲ. ರ‍್ಯಾಂಕ್ ಮತ್ತು ಮೀಸಲಾತಿಯ ಮೇಲೆ ಸೀಟು ಹಂಚುತ್ತಾರೆ. ಮೈಸೂರಿನ ಬಹದ್ದೂರ್ ಸಂಸ್ಥೆ, ಧಾರವಾಡದ ಕೌಸಾಳಿ ಸಂಸ್ಥೆಯಂತಹ ವಿಶ್ವವಿದ್ಯಾಲಯದ ವಿಭಾಗಗಳಿಗೂ ಇದೇ ದಾರಿ.

ಅನುಭವ ಯಾರಿಗೆ ಕಡ್ಡಾಯ?

ಎರಡು ವರ್ಷದ ಸಾಮಾನ್ಯ ಎಂಬಿಎಗೆ ಕಡ್ಡಾಯವಲ್ಲ, ಇದ್ದರೆ ಐಐಎಂಗಳಲ್ಲಿ ಸ್ವಲ್ಪ ಲಾಭ. ಕಡ್ಡಾಯವಿರುವುದು ಕೆಲಸದಲ್ಲಿರುವವರಿಗಾಗಿಯೇ ರೂಪಿಸಿದ ಒಂದು ವರ್ಷದ ಕೋರ್ಸುಗಳಿಗೆ: ಹೈದರಾಬಾದಿನ ಐಎಸ್‌ಬಿಯ ಮುಖ್ಯ ಕೋರ್ಸಿಗೆ 24 ತಿಂಗಳು, ಐಐಎಂ ಬೆಂಗಳೂರಿನ ಇಪಿಜಿಪಿಗೆ 5 ವರ್ಷ. ಇಂಥವಕ್ಕೆ ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ ನಡೆಯುತ್ತದೆ, ಅವು 5 ವರ್ಷ ಮಾನ್ಯ. ಕ್ಯಾಟ್ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ.

‘ಪರೀಕ್ಷೆ ಇಲ್ಲದೆ ಸೀಟು’

ಐಐಎಂಗಳಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಎಂಬುದೇ ಇಲ್ಲ. ಖಾಸಗಿ ಕಾಲೇಜುಗಳಲ್ಲಿ ಇದೆ, ಆದರೆ ಆ ಸೀಟಿಗೂ ಪದವಿ ಮತ್ತು ಶೇ 50ರ ನಿಯಮ ಅನ್ವಯಿಸುತ್ತದೆ. ಹಣ ಕೊಟ್ಟು ಆ ನಿಯಮವನ್ನು ದಾಟಿದರೆ, ವಿಶ್ವವಿದ್ಯಾಲಯ ಪ್ರವೇಶಕ್ಕೆ ಒಪ್ಪಿಗೆ ಕೊಡುವ ಹಂತದಲ್ಲಿ ಸಿಕ್ಕಿಬೀಳುವುದು ವಿದ್ಯಾರ್ಥಿಯೇ ಹೊರತು ದಲ್ಲಾಳಿಯಲ್ಲ. ಕಾಲೇಜು ಎಐಸಿಟಿಇ ಪಟ್ಟಿಯಲ್ಲಿದೆಯೇ, ಪದವಿ ಕೊಡುವ ವಿಶ್ವವಿದ್ಯಾಲಯ ಯುಜಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಲು ಮೊಬೈಲಿನಲ್ಲಿ ಐದು ನಿಮಿಷ ಸಾಕು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಪ್ರಕಟಿಸುತ್ತದೆ.

ಪಿಜಿಡಿಎಂ ಎಂದ ಕೂಡಲೇ ನಕಲಿ ಎಂದುಕೊಳ್ಳಬೇಕಿಲ್ಲ. ಪದವಿ ಕೊಡುವ ಅಧಿಕಾರ ವಿಶ್ವವಿದ್ಯಾಲಯಗಳಿಗಿದೆ. ಸ್ವತಂತ್ರ ಸಂಸ್ಥೆಗಳು ಡಿಪ್ಲೊಮಾ ಕೊಡುತ್ತವೆ. 2017ರ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬರುವವರೆಗೆ ಐಐಎಂಗಳೂ ಕೊಡುತ್ತಿದ್ದದ್ದು ಡಿಪ್ಲೊಮಾವನ್ನೇ.

ಜಾತಿ ಪ್ರಮಾಣಪತ್ರ ಎರಡು ಬಗೆ

ಕೊನೆಗೆ, ಕರ್ನಾಟಕದ ವಿದ್ಯಾರ್ಥಿಗಳು ಹೆಚ್ಚಾಗಿ ಗಮನಿಸದ ಒಂದು ಕಾಗದ. 2ಎ, 3ಬಿ ಮುಂತಾದ ಪ್ರವರ್ಗಗಳು ರಾಜ್ಯದವು, ಕೆಇಎಗೆ ಸಲ್ಲುತ್ತವೆ. ಐಐಎಂಗಳ ಶೇ 27 ಹಿಂದುಳಿದ ವರ್ಗಗಳ ಮೀಸಲಾತಿಗೆ ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿರಬೇಕು, ಕೆನೆಪದರದಿಂದ ಹೊರಗಿರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು. ಎರಡನ್ನೂ ಕೊಡುವವರು ತಹಶೀಲ್ದಾರರೇ ಆದರೂ ಅರ್ಜಿ ಬೇರೆ ಬೇರೆ. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರವನ್ನು ಆಯಾ ಆರ್ಥಿಕ ವರ್ಷಕ್ಕೆ ಹೊಸದಾಗಿ ಪಡೆಯಬೇಕು. ಕ್ಯಾಟ್ ನೋಂದಣಿ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ, ಮುಗಿದ ಮೇಲೆ ವರ್ಗ ಬದಲಿಸಲು ಬಿಡುವುದಿಲ್ಲ. ನಾಡಕಚೇರಿಗೆ ಜುಲೈನಲ್ಲೇ ಅರ್ಜಿ ಕೊಡಿ.