ಹಳಿಗಿಂತ ಮೊದಲು ಬಂದ ಕ್ಯಾಮೆರಾ

ಶಿಕಾರಿಪುರ, ಸೊರಬದವರು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಒಬ್ಬರು ಶಿವಮೊಗ್ಗಕ್ಕೆ, ಇನ್ನೊಬ್ಬರು ಸಾಗರಕ್ಕೋ ತಾಳಗುಪ್ಪಕ್ಕೋ. ಇಂಥ ಸೀಮೆಯಲ್ಲಿ ಕುಳಿತು ರೈಲು ಛಾಯಾಗ್ರಹಣದ ಚರಿತ್ರೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಕ್ಯಾಮೆರಾ ಇಲ್ಲಿಗೆ ಹಳಿಗಿಂತ ಎಷ್ಟೋ ಮೊದಲೇ ಬಂದಿತ್ತು.

1865ರಲ್ಲಿ ಮೈಸೂರು ಸರ್ಕಾರಕ್ಕಾಗಿ ಮೇಜರ್ ಡಿಕ್ಸನ್ ಸುಮಾರು 150 ಶಾಸನಗಳ ಫೋಟೊ ತೆಗೆದ. ಅವುಗಳಲ್ಲಿ ಹಲವು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯವು. ಜೆ. ಎಫ್. ಫ್ಲೀಟ್ ಆ ಚಿತ್ರಗಳನ್ನು ನೋಡಿಯೇ ಶಾಸನಗಳನ್ನು ಓದಿ, ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಡಿಕ್ಸನ್ ಸಂಗ್ರಹದ ಫಲಕಸಂಖ್ಯೆ ಸಮೇತ ಪ್ರಕಟಿಸಿದರು. ಬಿ. ಎಲ್. ರೈಸ್ 1879ರಲ್ಲಿ ತಂದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ಗೂ ಅವೇ ಆಧಾರ. ‘ಎಪಿಗ್ರಾಫಿಯ ಕರ್ನಾಟಿಕ’ ಶಾಸನಮಾಲೆಯ ಶಿಕಾರಿಪುರ, ಸೊರಬ ಸಂಪುಟಗಳು ಹೊರಬಂದದ್ದು ಆಮೇಲೆ, 1902 ಮತ್ತು 1904ರಲ್ಲಿ. ಡಿಕ್ಸನ್‌ನದು ದೊಡ್ಡ ಕಲೆ ಎನ್ನಲಾರೆ. ಅವನ ಚಿತ್ರಕ್ಕೆ ಊರಿತ್ತು, ಸಂಖ್ಯೆ ಇತ್ತು. ಅದಕ್ಕೇ ಅದು ಮುಂದಿನವರ ಕೈಗೆ ಒದಗಿತು.

ರೈಲಿನ ಚಿತ್ರಗಳೂ ಆ ಕಾಲದವೇ. ಮುಂಬೈ–ಪುಣೆ ನಡುವಿನ ಬೋರ್ ಘಾಟಿನ ರೈಲುಹಾದಿಯ ಗುತ್ತಿಗೆ ಹಿಡಿದಿದ್ದ ಸಾಲೊಮನ್ ಟ್ರೆಡ್‌ವೆಲ್ 1859ರಲ್ಲಿ ತೀರಿಕೊಂಡಾಗ ಕೆಲಸ ಮುಂದುವರಿಸಿದ ಹೆಂಡತಿ ಆಲಿಸ್, ಕಮಾನು ಸೇತುವೆಗಳೂ ಸುರಂಗಗಳೂ ಏಳುವುದನ್ನು ಫೋಟೊಗಳಲ್ಲಿ ಹಿಡಿದಳು. ಅಮೆರಿಕದಲ್ಲಿ 1869ರ ಮೇ 10ರಂದು ಎರಡು ದಿಕ್ಕಿನ ಹಳಿಗಳು ಕೂಡಿದಾಗ ಎ. ಜೆ. ರಸೆಲ್ ತೆಗೆದ ಚಿತ್ರ ಜಗತ್ಪ್ರಸಿದ್ಧ. ಪಶ್ಚಿಮದ ಹಳಿ ಹಾಸಿದವರಲ್ಲಿ ಬಹುಪಾಲು ಚೀನೀ ಕೂಲಿಗಳು. ಆ ಸಂಭ್ರಮದ ಗುಂಪಿನಲ್ಲಿ ಅವರನ್ನು ಹುಡುಕಬೇಕು.

ರೈಲು ಛಾಯಾಗ್ರಾಹಕರಿಗೆ ಮತ್ತೊಮ್ಮೆ ಹುರುಪು ಬಂದದ್ದು ಉಗಿಬಂಡಿ ಮುಗಿಯುವ ಹೊತ್ತಿಗೆ. 1955ರಿಂದ 1960ರವರೆಗೆ ಓ. ವಿನ್‌ಸ್ಟನ್ ಲಿಂಕ್ ಅಮೆರಿಕದ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲುದಾರಿಯ ಬದಿಯಲ್ಲಿ ಫ್ಲ್ಯಾಶ್ ಬಲ್ಬುಗಳನ್ನು ಕಟ್ಟಿ, ರಾತ್ರಿಯ ಉಗಿಬಂಡಿಗಳನ್ನು ಹಿಡಿದ. ನಮ್ಮಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ 1930ರ ದಶಕದಲ್ಲಿ ಬೆಳೆದ ಮೀಟರ್‌ಗೇಜ್ ಮೇಲೆ ರೈಲ್‌ಬಸ್ ಓಡುತ್ತಿದ್ದ ಕೊನೆಯ ವರ್ಷಗಳಲ್ಲಿ ದೂರದೂರಿನ ರೈಲು ಹುಚ್ಚಿನವರು ಕ್ಯಾಮೆರಾ ಹಿಡಿದು ಬಂದರು. 2011ರ ಹೊತ್ತಿಗೆ ತಾಳಗುಪ್ಪಕ್ಕೆ ಬ್ರಾಡ್‌ಗೇಜ್ ಬಂತು.

ಈ ಹಳಿಯ ನಡುವಿನ ದಶಕಗಳದು ಬೇರೆ ಮಾತು. ಅಡಿಕೆ ಮೂಟೆ, ಸಂತೆಯ ಜನ, ಗ್ಯಾಂಗ್‌ಮನ್ನರು ಇರುವ ಚಿತ್ರಗಳು ವಿರಳ. ನಾಡಿಗೆಲ್ಲ ಪರಿಚಯವಾದ ಇದೇ ಮಾರ್ಗದ ನಿಲ್ದಾಣ ಅರಸಾಳು. ಅದೂ ಕಥೆಯ ವೇಷ ತೊಟ್ಟು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಅದನ್ನು ಮಾಲ್ಗುಡಿ ಮಾಡಿದರು, ಎಸ್. ರಾಮಚಂದ್ರ ಛಾಯಾಗ್ರಾಹಕರು. ಹಳೆಯ ಕಟ್ಟಡ ಈಗ ಮಾಲ್ಗುಡಿ ಮ್ಯೂಸಿಯಂ. ನಿಜವಾದ ಅರಸಾಳಿಗೆ ಅಷ್ಟು ಅದೃಷ್ಟವಿಲ್ಲ.

ಈಗ ಹಳಿ ಹಾಸುವ ಕಾಲ ಶಿಕಾರಿಪುರದ್ದು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಮಾರ್ಗ ಸುಮಾರು 103 ಕಿ.ಮೀ.; ಸೊರಬ ಅದರಲ್ಲೂ ಇಲ್ಲ. ಇಂಥ ಕಾಮಗಾರಿಯನ್ನು ಇವತ್ತು ಡ್ರೋನ್ ಮೇಲಿನಿಂದ ನೋಡುತ್ತದೆ: ಮಣ್ಣಿನ ಏರಿ, ಜೆಸಿಬಿ, ಹಿನ್ನೆಲೆಗೊಂದು ಸಿನಿಮಾ ಹಾಡು. ಯಾವ ಊರಿನ ಗಡಿ, ಯಾರ ಗದ್ದೆ, ಯಾವ ತಿಂಗಳು ಎಂಬುದು ವಿಡಿಯೊದಲ್ಲಿ ಸಿಗುವುದು ಅಪರೂಪ. ಮದುವೆ ಆಲ್ಬಮ್ಮಿಗೆ ದಿನಾಂಕ ಹಾಕುವುದು ಸ್ಟುಡಿಯೊದವರಿಗೆ ರೂಢಿಯೇ ಇದೆ. ಅದೇ ಶಿಸ್ತಿನಲ್ಲಿ ಸರ್ವೆ ನಂಬರನ್ನೂ ಬರೆದಿಟ್ಟರೆ ಭೂಮಿ ಪರಿಹಾರದ ತಕರಾರಿಗೂ ಆದೀತು, ಚರಿತ್ರೆಗೂ ಆದೀತು.