ಕೂಗಿ ಕರೆಯುವ ಯಂತ್ರ

ಪಂಚತಂತ್ರದ ನೀಲಿ ನರಿಯ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಬಣ್ಣದ ತೊಟ್ಟಿಗೆ ಬಿದ್ದು, ಕಾಡಿಗೆ ಅರಸನಾಗಿ ಮೆರೆದ ಆ ಪ್ರಾಣಿ ಕೆಟ್ಟದ್ದು ಬಣ್ಣ ಕರಗಿದ್ದರಿಂದಲ್ಲ. ದೂರದಲ್ಲಿ ತನ್ನ ಕುಲದವರ ಕೂಗು ಕೇಳಿ ತಾನೂ ಕೂಗದೆ ಇರಲಾರದೆ ಹೋದದ್ದರಿಂದ. ಅಮೆರಿಕದ ಕಯೋಟಿ ಬೇಟೆಯ ಚರಿತ್ರೆಯನ್ನು ಓದುವಾಗ ನನಗೆ ಈ ಕಥೆ ಮತ್ತೆ ಮತ್ತೆ ನೆನಪಾಯಿತು.

ಕಯೋಟಿ ನಮ್ಮ ನರಿಗಿಂತ ತುಸು ದೊಡ್ಡದು, ತೋಳಕ್ಕಿಂತ ಚಿಕ್ಕದು. ಹೆಸರು ಮೆಕ್ಸಿಕೋದ ನಾವಾಟಲ್ ಭಾಷೆಯಿಂದ ಬಂದದ್ದು. 1823ರಲ್ಲಿ ಥಾಮಸ್ ಸೇ ಎಂಬ ವಿಜ್ಞಾನಿ ಅದಕ್ಕೆ ‘ಕ್ಯಾನಿಸ್ ಲೇಟ್ರನ್ಸ್’, ಎಂದರೆ ಬೊಗಳುವ ನಾಯಿ, ಎಂದು ನಾಮಕರಣ ಮಾಡಿದ. ಆದಿನಿವಾಸಿಗಳ ಕಥೆಗಳಲ್ಲಿ ಅದು ಮೋಸಗಾರನೂ ಹೌದು, ಮೋಸಹೋಗುವವನೂ ಹೌದು. ಕುರಿ ಸಾಕುವ ಬಿಳಿಯರಿಗೆ ಮಾತ್ರ ಅದು ಬರಿಯ ಕಳ್ಳ. ಸ್ಟ್ರಿಕ್ನೀನ್ ವಿಷವಿಟ್ಟರು, ಬೋನೊಡ್ಡಿದರು. 1931ರಲ್ಲಿ ಇಂಥ ಪ್ರಾಣಿಗಳ ನಿಗ್ರಹಕ್ಕೆಂದೇ ಕೇಂದ್ರ ಸರಕಾರ ಕಾನೂನು ಮಾಡಿತು.

ಕೂಗಿ ಕರೆದು ಕೊಲ್ಲುವ ವಿದ್ಯೆ ಇದರ ಪಕ್ಕದಲ್ಲೇ ಬೆಳೆಯಿತು. ಗಾಯಗೊಂಡ ಮೊಲ ಕಿರಿಚುವಂತೆ ಕಿರಿಚಿದರೆ ಕಯೋಟಿ ಊಟ ಸಿಕ್ಕಿತೆಂದು ಓಡಿಬರುತ್ತದೆ. ಕೆಲವರು ಬರಿಯ ಬಾಯಿಂದಲೇ ಕಿರಿಚುತ್ತಿದ್ದರು. ಟೆಕ್ಸಸ್ಸಿನ ಮಾರ್ಬಲ್ ಫಾಲ್ಸ್ ಊರಿನ ಬರ್ನ್‌ಹ್ಯಾಮ್ ಸಹೋದರರು ತಂದೆಯಿಂದ ಕಲಿತ ಈ ವಿದ್ಯೆಯನ್ನು ಪೀಪಿಗಳಿಗೆ ಇಳಿಸಿ ಮಾರಿದರು. ಅದೇ ಸೀಮೆಯ ವೇಕೋ ಪಟ್ಟಣದ ಜಾನಿ ಸ್ಟೂವರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಅನುಕರಣೆಯೇಕೆ, ನಿಜವಾದ ಪ್ರಾಣಿಗಳ ಆರ್ತನಾದವನ್ನೇ ಹಿಡಿದಿಡೋಣವೆಂದು ಧ್ವನಿಮುದ್ರಣ ಮಾಡಿದ. ಸಂಗೀತ ಕೇಳುವ ಗ್ರಾಮೋಫೋನು ಪ್ಲೇಟಿನಲ್ಲಿ ಮೊಲದ ಮರಣವೇದನೆ! ಪ್ಲೇಟು ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಡಿಜಿಟಲ್ ಯಂತ್ರ ಬಂತು. ಈಗ ಅಂಗೈಯಗಲದ ಪೆಟ್ಟಿಗೆಯಲ್ಲಿ ನೂರಾರು ಕೂಗುಗಳು.

ಪೀಪಿಗೂ ಯಂತ್ರಕ್ಕೂ ಇರುವ ಅಂತರ ಸದ್ದಿನದಷ್ಟೇ ಅಲ್ಲ. ಪೀಪಿ ಊದುವವನತ್ತ ಪ್ರಾಣಿಯ ಕಣ್ಣು ನೆಟ್ಟಿರುತ್ತದೆ, ಅವನು ಅಲುಗುವಂತಿಲ್ಲ. ಯಂತ್ರವನ್ನಾದರೋ ದೂರದ ಪೊದೆಯಲ್ಲಿಟ್ಟು, ರಿಮೋಟ್ ಹಿಡಿದು ಬೇರೆಡೆ ಕುಳಿತುಕೊಳ್ಳಬಹುದು. ಕಯೋಟಿ ಸದ್ದನ್ನು ನೇರವಾಗಿ ನಂಬುವುದಿಲ್ಲ. ಬಳಸಿಕೊಂಡು ಹೋಗಿ, ಗಾಳಿಯಲ್ಲಿ ವಾಸನೆ ಹಿಡಿದೇ ಹತ್ತಿರ ಬರುವುದು. ಬಲ್ಲ ಬೇಟೆಗಾರ ಆ ಬಳಸುದಾರಿಯ ಮೇಲೆಯೇ ಬಂದೂಕಿನ ಗುರಿಯಿಟ್ಟಿರುತ್ತಾನೆ.

ಮೊಲದ ಕೂಗಿಗೆ ಬಂದದ್ದು ಹಸಿವಿನಿಂದ ಬಂತು ಎನ್ನೋಣ. ಆದರೆ ಪೆಟ್ಟಿಗೆಯಲ್ಲಿ ಕಯೋಟಿ ಮರಿಯ ಅಳುವೂ ಇದೆ. ಅದಕ್ಕೆ ಓಡಿಬರುವ ದೊಡ್ಡ ಕಯೋಟಿಯನ್ನು ಕಳ್ಳನೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಕುರಿ ಕಳೆದುಕೊಂಡವನ ಸಂಕಟ ಸುಳ್ಳಲ್ಲ, ಒಪ್ಪುತ್ತೇನೆ. ಆದರೂ ಇಲ್ಲಿ ಬೇಟೆ ಎಂಬ ಮಾತೇ ಸವೆದುಹೋದಂತೆ ಕಾಣುತ್ತದೆ. ನಮ್ಮ ಕೆನೆತ್ ಆಂಡರ್ಸನ್ ಜೌಳಗಿರಿಯ ನರಭಕ್ಷಕ ಹೆಣ್ಣುಹುಲಿಯನ್ನು ಗಂಡುಹುಲಿಯಂತೆ ಕೂಗಿ ಕರೆದದ್ದನ್ನು ಬರೆದಿದ್ದಾನೆ. ಅದೂ ಮೋಸವೇ. ಆದರೆ ಕೂಗಿದ ಗಂಟಲು ಅವನದು, ಹುಲಿ ನುಗ್ಗಿದ್ದರೆ ಹೋಗುತ್ತಿದ್ದ ಪ್ರಾಣವೂ ಅವನದೇ.

ಅಮೆರಿಕದ ಕಾನೂನಿಗೂ ಈ ಅಳುಕು ಇಲ್ಲದಿಲ್ಲ. ಬಾತುಕೋಳಿ ಬೇಟೆಯಲ್ಲಿ ಮುದ್ರಿತ ಕೂಗನ್ನು ಕೇಂದ್ರ ಸರಕಾರ 1950ರ ದಶಕದಲ್ಲೇ ನಿಷೇಧಿಸಿತು. ಕಯೋಟಿಗೆ ಆ ರಕ್ಷಣೆಯಿಲ್ಲ. ಹೆಚ್ಚಿನ ಸಂಸ್ಥಾನಗಳಲ್ಲಿ ಯಂತ್ರಕ್ಕೆ ಅನುಮತಿಯಿದೆ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಕೇಂದ್ರದ ಭೂಮಿಯಲ್ಲಿ ವಿಷವಿಡುವುದನ್ನು ತಡೆದ. ಯಾರು ಹೆಚ್ಚು ಕೊಲ್ಲುತ್ತಾರೆಂದು ಬಹುಮಾನವಿಡುವ ಪಂದ್ಯಗಳನ್ನು ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂ ಮೆಕ್ಸಿಕೋ 2019ರಲ್ಲಿ ನಿಲ್ಲಿಸಿದವು.

ಇಷ್ಟೆಲ್ಲ ಆದರೂ ಕಯೋಟಿ ಅಳಿಯಲಿಲ್ಲ. ತೋಳಗಳು ಹೋದ ಕಡೆಗೆಲ್ಲ ಅದು ಹಬ್ಬಿತು. 1999ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲೇ ಒಂದನ್ನು ಹಿಡಿದರು. ಒಮ್ಮೆ ಗುಂಡಿನಿಂದ ಪಾರಾದದ್ದು ಅದೇ ಕೂಗಿಗೆ ಮತ್ತೆ ಬರುವುದಿಲ್ಲವೆಂದು ಬೇಟೆಗಾರರೇ ಗೊಣಗುತ್ತಾರೆ. ಆದ್ದರಿಂದ ಯಂತ್ರ ಮಾರುವವರು ಹೊಸ ಹೊಸ ಕೂಗುಗಳನ್ನು ಮುದ್ರಿಸುತ್ತಲೇ ಇದ್ದಾರೆ.